ಲಿಂಕನ್ನರ ಜೇಬು

ಅಮೆರಿಕದ ಅಧ್ಯಕ್ಷರುಗಳ ಭಾವಚಿತ್ರ ಅಂದರೆ ನನಗೆ ಅಷ್ಟಕ್ಕಷ್ಟೆ. ಎಲ್ಲರೂ ಕೋಟು ತೊಟ್ಟು ದೂರ ದಿಟ್ಟಿಸುವವರೇ. ಆದರೆ 1865ರ ಏಪ್ರಿಲ್ 14ರ ರಾತ್ರಿ, ಫೋರ್ಡ್ಸ್ ರಂಗಮಂದಿರದಲ್ಲಿ ಗುಂಡೇಟು ಬಿದ್ದಾಗ ಅಬ್ರಹಾಂ ಲಿಂಕನ್ನರ ಜೇಬಿನಲ್ಲಿ ಏನೇನಿತ್ತು ನೋಡಿ: ಎರಡು ಕನ್ನಡಕ (ಒಂದರ ಕಡ್ಡಿಗೆ ದಾರ ಕಟ್ಟಿ ರಿಪೇರಿ!), ಸಣ್ಣ ಚಾಕು, ಕರವಸ್ತ್ರ, ಚರ್ಮದ ಪರ್ಸು. ಪರ್ಸಿನಲ್ಲಿದ್ದ ದುಡ್ಡು ಐದು ಡಾಲರಿನ ಒಂದೇ ನೋಟು. ಅದೂ ಆಗಷ್ಟೇ ಸೋತಿದ್ದ ದಕ್ಷಿಣದ ಬಂಡಾಯ ಸರ್ಕಾರದ್ದು. ಜೊತೆಗೆ ಪತ್ರಿಕೆಗಳಿಂದ ಕತ್ತರಿಸಿಟ್ಟ ತುಣುಕುಗಳು. ಕೆಲವು ಅವರನ್ನೇ ಹೊಗಳಿದವು. ದೇಶ ಆಳುವವರಿಗೂ ಬೆನ್ನು ತಟ್ಟುವವರು ಬೇಕು ಅನ್ನಿ.

ಮನೆಯವರು ಇವನ್ನೆಲ್ಲ ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಜೋಪಾನ ಮಾಡಿದರು. ಮೊಮ್ಮಗಳಿಂದ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿದ್ದು 1937ರಲ್ಲಿ, ಜನ ಕಂಡದ್ದು 1976ರಲ್ಲಿ.

ಚಿತ್ರಗಳಲ್ಲಿ ನನಗೆ ಹಿಡಿಸಿದ್ದು ಒಂದೇ, 1865ರ ಫೆಬ್ರವರಿಯಲ್ಲಿ ಅಲೆಕ್ಸಾಂಡರ್ ಗಾರ್ಡ್ನರ್ ತೆಗೆದ ಲಿಂಕನ್ನರ ಫೋಟೊ. ಗಾಜಿನ ನೆಗೆಟಿವ್ ಬಿರುಕುಬಿಟ್ಟು ತಲೆಯ ಮೇಲೆ ಗೆರೆ ಹಾದಿದೆ. ಆ ಫೋಟೊ ಈಗ ವಾಷಿಂಗ್ಟನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ಸಂಗ್ರಹದಲ್ಲಿದೆ. ಮುಖದಲ್ಲಿ ವಿಪರೀತ ದಣಿವು, ತುಟಿಯಂಚಿನಲ್ಲಿ ನಗುವಿನಂಥದ್ದೇನೋ. ತೈಲಚಿತ್ರದವರಾಗಿದ್ದರೆ ಎರಡರಲ್ಲೊಂದನ್ನು ಖಂಡಿತ ತಿದ್ದಿಬಿಡುತ್ತಿದ್ದರು.