ಜೇಬಿನಲ್ಲೊಂದು ಚೀಟಿ

ನಮ್ಮ ತಂದೆಯವರ ಅಂಗಿಯ ಜೇಬಿನಲ್ಲಿ ಸದಾ ಎರಡು ವಸ್ತುಗಳಿರುತ್ತಿದ್ದುವು: ಒಂದು ಸಕ್ಕರೆಯ ಪೊಟ್ಟಣ, ಇನ್ನೊಂದು ಅವರೇ ಮುದ್ದಾದ ಅಕ್ಷರದಲ್ಲಿ ಬರೆದಿಟ್ಟುಕೊಂಡಿದ್ದ ಚೀಟಿ. ಚೀಟಿಯಲ್ಲಿ ಹೆಸರು, ವಿಳಾಸ, ಅದರ ಕೆಳಗೆ ಎರಡು ಸಾಲು: “ನನಗೆ ಸಕ್ಕರೆ ಕಾಯಿಲೆ ಇದೆ. ನಾನು ಕುಡಿದಿಲ್ಲ.”

ಎರಡನೆಯ ಸಾಲಿಗೆ ಒಂದು ಕಥೆಯುಂಟು. 2009ರಲ್ಲಿ ಒಂದು ದಿನ ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಊಟ ತಡವಾಗಿ, ಮೈಸೂರಿನ ಬಸ್ ನಿಲ್ದಾಣದಲ್ಲಿ ಅವರು ತಲೆಸುತ್ತಿ ಬಿದ್ದರು. ನಿವೃತ್ತ ಉಪಾಧ್ಯಾಯರು, ಕಾಫಿಯನ್ನೇ ಅರ್ಧ ಲೋಟಕ್ಕಿಂತ ಹೆಚ್ಚು ಕುಡಿದವರಲ್ಲ. ಅರ್ಧ ಗಂಟೆಯ ಕಾಲ ಜನ ಅವರನ್ನು ಬಳಸಿಕೊಂಡು ಹೋದರಂತೆ. “ಹಗಲು ಹೊತ್ತಿನಲ್ಲೇ ಏರಿಸಿಬಿಟ್ಟಿದ್ದಾನೆ ನೋಡು ಮುದುಕ” ಎಂದು ಯಾರೋ ಅಂದದ್ದು ಅವರ ಕಿವಿಗೂ ಬಿದ್ದಿತ್ತು. ಕೊನೆಗೆ ಒಬ್ಬ ಆಟೋ ಚಾಲಕ ಎತ್ತಿ ಆಸ್ಪತ್ರೆಗೆ ಸೇರಿಸಿದ. ತಂದೆಯವರು ಬದುಕಿದರು, ಆಮೇಲೂ ಎಂಟು ವರ್ಷ ಬಾಳಿದರು. ಆದರೆ ಆ ಮಾತನ್ನು ಮರೆಯಲಿಲ್ಲ. ಮನೆಗೆ ಬಂದವರೇ ಚೀಟಿ ಬರೆದರು.

ಈಗ ಇದನ್ನು ನೆನೆಯಲು ಕಾರಣ, 2024ರ ಬೇಸಗೆ ರಜದಲ್ಲಿ ನಾನು ಅಮೆರಿಕದ ಫಿಲಡೆಲ್ಫಿಯಕ್ಕೆ ಹೋಗಿಬಂದದ್ದು. ನನ್ನ ಅಕ್ಕನ ಮಗಳು ಅಲ್ಲಿ ಓದುತ್ತಿದ್ದಾಳೆ. ಒಂದು ಬೆಳಗ್ಗೆ ಬೀಗದ ಕೈಗಾಗಿ ಅವಳ ಚೀಲವನ್ನು ತಡಕಿದಾಗ ಒಂದು ಪುಟ್ಟ ಪೆಟ್ಟಿಗೆ ಸಿಕ್ಕಿತು. ಓದಿ ನೋಡಿದರೆ, ಅಫೀಮಿನ ಜಾತಿಯ ಮಾದಕವಸ್ತು ಮಿತಿಮೀರಿದಾಗ ಕೊಡುವ ಔಷಧ! ನನ್ನ ಎದೆ ಧಸಕ್ಕೆಂದಿತು. ಅಕ್ಕನಿಗೆ ಹೇಗೆ ಹೇಳಲಿ ಎಂದು ಮನಸ್ಸಿನಲ್ಲೇ ಪತ್ರ ಬರೆಯತೊಡಗಿದೆ.

“ನನಗಲ್ಲ ಮಾಮ,” ಎಂದು ಅವಳು ನಕ್ಕಳು. “ಬೇರೆಯವರಿಗೆ.”

“ಯಾರಿಗೆ?”

“ಯಾರು ಬಿದ್ದಿರ್ತಾರೋ ಅವರಿಗೆ.”

ಔಷಧದ ಹೆಸರು ನಲಾಕ್ಸೋನ್. ಹೆರಾಯಿನ್, ಫೆಂಟನಿಲ್ ಮೊದಲಾದವು ಮಿದುಳಿನಲ್ಲಿ ಕೆಲವು ಜಾಗಗಳನ್ನು ಹಿಡಿದು ಕುಳಿತು, ಉಸಿರಾಡಬೇಕೆಂಬುದನ್ನೇ ಮೈ ಮರೆಯುವಂತೆ ಮಾಡುತ್ತವೆ. ನಲಾಕ್ಸೋನ್ ಹೋಗಿ ಅವನ್ನು ಎಬ್ಬಿಸಿ, ನಮ್ಮ ಬಸ್ಸುಗಳಲ್ಲಿ ಟವಲು ಹಾಸಿದವರ ಗತ್ತಿನಲ್ಲಿ, ಆ ಜಾಗದಲ್ಲಿ ತಾನು ಕೂರುತ್ತದೆ. ಎರಡು ಮೂರು ನಿಮಿಷದಲ್ಲಿ ಉಸಿರು ಮರಳುತ್ತದೆ. ಆದರೆ ಇದು ಅರ್ಧ ಗಂಟೆಗೋ ಒಂದೂವರೆ ಗಂಟೆಗೋ ಇಳಿದುಹೋಗುವ ಪ್ರಯಾಣಿಕ. ಹಳೆಯವನು ಮತ್ತೆ ಬಂದು ಕೂತಾನು. ಆದ್ದರಿಂದ ಆಂಬುಲೆನ್ಸನ್ನು ಕರೆಯಲೇಬೇಕು. ಮಾದಕವಸ್ತು ಸೇವಿಸದವನಿಗೆ ತಪ್ಪಿ ಕೊಟ್ಟರೂ ಕೇಡಿಲ್ಲ. ಮೂಗಿಗೆ ಸಿಂಪಡಿಸುವ ಈ ಮದ್ದು 2023ರಿಂದ ಅಲ್ಲಿ ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುತ್ತದೆ. ಎಷ್ಟೋ ಕಡೆ ಪುಕ್ಕಟೆ ಹಂಚುತ್ತಾರೆ.

ಸಂಜೀವಿನಿಯೆನ್ನಲೇ ಎಂದುಕೊಂಡೆ, ಕನ್ನಡ ಮೇಷ್ಟರ ಚಪಲ. ಅವಳು ಹೇಳಿದ್ದು ಬರಿಯ ಲೆಕ್ಕ: 2021ರಿಂದ 2023ರವರೆಗೆ ಅಮೆರಿಕದಲ್ಲಿ ಮಾದಕವಸ್ತು ಮಿತಿಮೀರಿ ಪ್ರತಿ ವರ್ಷವೂ ಸತ್ತವರು ಒಂದು ಲಕ್ಷಕ್ಕೂ ಹೆಚ್ಚು. ಆ ಊರಿನ ಮ್ಯಾಕ್‌ಫರ್ಸನ್ ಚೌಕದ ಗ್ರಂಥಾಲಯದಲ್ಲಿ ಹುಲ್ಲುಹಾಸಿನ ಮೇಲೆಯೇ ಜನ ಬೀಳತೊಡಗಿದಾಗ, 2017ರ ಹೊತ್ತಿಗೆ ಪುಸ್ತಕ ಕೊಡುವವರೇ ಈ ಮದ್ದು ಕೊಡುವುದನ್ನೂ ಕಲಿತರಂತೆ. ಮರುವರ್ಷ ಸಾಮಾನ್ಯ ನಾಗರಿಕರೂ ಇದನ್ನು ಹತ್ತಿರ ಇಟ್ಟುಕೊಳ್ಳಿರೆಂದು ದೇಶದ ಸರ್ಜನ್ ಜನರಲ್ ಜೆರೋಮ್ ಆಡಮ್ಸ್ ಕರೆಯಿತ್ತರು.

ನಾಲ್ಕು ದಿನ ಕಳೆದಿರಬೇಕು. ಸಂಜೆ ಒಂದು ರೈಲು ನಿಲ್ದಾಣದ ಮೆಟ್ಟಿಲಿಳಿಯುತ್ತಿದ್ದೆವು. ಗೋಡೆಗೊರಗಿ ಒಬ್ಬ ಯುವಕ ಬಿದ್ದಿದ್ದ. ಜನ ಅವನನ್ನು ಬಳಸಿಕೊಂಡು ಹೋಗುತ್ತಿದ್ದರು. ನಾನೂ ಪಕ್ಕಕ್ಕೆ ಸರಿದು, “ಕುಡಿದಿರಬೇಕು, ಬಾ ಪುಟ್ಟಿ, ರೈಲು ಬಂತು” ಎಂದೆ.

ಅವಳು ಆಗಲೇ ಮೊಣಕಾಲೂರಿದ್ದಳು. ಕೂಗಿದಳು, ಮುಷ್ಟಿಯ ಗೆಣ್ಣುಗಳಿಂದ ಎದೆಯ ಮೂಳೆಯನ್ನು ಉಜ್ಜಿದಳು. ಅವನು ಮಿಸುಕಲಿಲ್ಲ. ತುಟಿ ನೀಲಿಗಟ್ಟಿತ್ತು. 911ಕ್ಕೆ ಕರೆಮಾಡಿ ಫೋನನ್ನು ನನ್ನ ಕೈಗಿಟ್ಟಳು. “ಎಲ್ಲಿದ್ದೀವಿ ಅಂತ ಹೇಳು ಮಾಮ.” ಹೇಳಿದೆ. ಅವಳು ಅವನ ತಲೆಯನ್ನು ಹಿಂದಕ್ಕೆ ಬಾಗಿಸಿ ಮೂಗಿನ ಹೊಳ್ಳೆಗೆ ಮದ್ದು ಒತ್ತಿದಳು. ಮೂರು ನಿಮಿಷ ಎಷ್ಟು ಉದ್ದವೆಂಬುದು ನನಗೆ ಅಂದು ತಿಳಿಯಿತು. ಇನ್ನೊಂದು ಹೊಳ್ಳೆಗೆ ಎರಡನೆಯದು. ಆಮೇಲೆ ಬಾವಿಯಿಂದ ಕೊಡ ಮೇಲೆದ್ದಂತೆ ಒಂದು ಉಸಿರು ಬಂತು.

ಕಣ್ಣು ತೆರೆದವನು ಕೈಮುಗಿದನೆಂದು ಬರೆಯುವ ಆಸೆ ನನಗಿದೆ. ಅವನು ಬೈದ. ಮದ್ದು ಅಮಲನ್ನು ಒಮ್ಮೆಲೇ ಕಿತ್ತೊಗೆಯುವುದರಿಂದ ಮೈಯೆಲ್ಲ ಸಂಕಟವಾಗುತ್ತದಂತೆ. ಅವಳು ಬೈಗುಳವನ್ನು ಲೆಕ್ಕಕ್ಕಿಡದೆ ಆಂಬುಲೆನ್ಸ್ ಬರುವವರೆಗೂ ಪಕ್ಕದಲ್ಲಿ ಕೂತಳು. ನಾನು ಮಾತ್ರ ನನ್ನ ಬಾಯಿಂದ ಬಂದ ಮಾತನ್ನು ಕೇಳಿಸಿಕೊಳ್ಳುತ್ತ ನಿಂತಿದ್ದೆ. ಬಸ್ ನಿಲ್ದಾಣದಲ್ಲಿ ತಂದೆಯವರನ್ನು ಬಳಸಿಕೊಂಡು ಹೋದವರಾರೆಂದು ಹದಿನೈದು ವರ್ಷ ಶಪಿಸಿದ್ದೆ. ಈಗ ತಿಳಿಯಿತು: ನನ್ನಂಥವರೇ.

ಊರಿಗೆ ಬಂದು ಇದನ್ನು ಅಧ್ಯಾಪಕರ ಕೊಠಡಿಯಲ್ಲಿ ಹೇಳಿದೆ. “ಮದ್ದು ಇದೆಯೆಂದು ಗೊತ್ತಾದರೆ ಇನ್ನಷ್ಟು ಸೇವಿಸುತ್ತಾರೆ” ಎಂದರು ಒಬ್ಬರು. ಟಾಕೀಸಿನಲ್ಲಿ ಮರಳಿನ ಬಕೆಟ್ಟು ತೂಗುಹಾಕಿದ್ದಾರೆಂದು ಯಾರೂ ಪರದೆಗೆ ಬೆಂಕಿಯಿಡುವುದಿಲ್ಲ ಸ್ವಾಮಿ. ಆ ಯುವಕನ ಸಂಕಟವನ್ನು ಕಂಡಿದ್ದರೆ ನೀವು ಹೀಗೆನ್ನುತ್ತಿರಲಿಲ್ಲ. “ಮುಂದಿನ ವಾರ ಅವನು ಮತ್ತೆ ಬೀಳುತ್ತಾನೆ” ಎಂದರು ಇನ್ನೊಬ್ಬರು. ಇರಬಹುದು. ಆ ಮದ್ದು ಚಟ ಬಿಡಿಸುವುದಿಲ್ಲ. ಅದಕ್ಕೆ ಬೇರೆ ಚಿಕಿತ್ಸೆ, ಬೇರೆ ತಾಳ್ಮೆ ಬೇಕು. ಆದರೆ ಸತ್ತವನು ಯಾವ ಚಟವನ್ನು ಬಿಟ್ಟಾನು? “ಅಂಥವರು ನಮ್ಮ ಮನೆಯವರಲ್ಲವಲ್ಲ” ಎಂದರು ಮೂರನೆಯವರು. 1961ರಲ್ಲಿ ನಲಾಕ್ಸೋನಿಗೆ ಪೇಟೆಂಟಿಗೆ ಅರ್ಜಿ ಹಾಕಿದವರಲ್ಲಿ ಒಬ್ಬರಾದ ಜಾಕ್ ಫಿಶ್‌ಮನ್ ಎಂಬ ರಸಾಯನ ವಿಜ್ಞಾನಿಯ ಮಲಮಗ 2003ರಲ್ಲಿ ಹೆರಾಯಿನ್ ಮಿತಿಮೀರಿ ಸತ್ತ. ಮದ್ದು ಲೋಕದಲ್ಲಿದ್ದರೆ ಸಾಲದು, ಬಿದ್ದವನ ಪಕ್ಕದಲ್ಲಿರಬೇಕು.

ಆದ್ದರಿಂದ ಆ ಊರಿನ ನಾಗರಿಕರು ಅದನ್ನು ಇಟ್ಟುಕೊಳ್ಳಬೇಕೇ ಎಂದರೆ, ಇಟ್ಟುಕೊಳ್ಳಬೇಕು ಎಂದೇ ಹೇಳುತ್ತೇನೆ. ನಮ್ಮಲ್ಲಿ ಅದು ವೈದ್ಯರ ಕೈಯಲ್ಲಿರುವ ಇಂಜೆಕ್ಷನ್. ಮೈಸೂರಿನ ಬೀದಿಯಲ್ಲಿ ನನಗೆ ಅದು ಬೇಕಾಗುವುದು ಅಪರೂಪ. ಬೇಕಾದದ್ದು ಅದಕ್ಕೂ ಮೊದಲಿನದು.

ತಂದೆಯವರ ಚೀಟಿ ಇನ್ನೂ ನನ್ನಲ್ಲಿದೆ. ಮೊನ್ನೆ ತೆಗೆದು ಓದಿದಾಗ ಎರಡನೆಯ ಸಾಲು ಚುಚ್ಚಿತು. “ನಾನು ಕುಡಿದಿಲ್ಲ” ಎಂದರೆ, ಕುಡಿದವನಾಗಿದ್ದರೆ ಬಿಟ್ಟುಹೋಗಬಹುದಿತ್ತು ಎಂದಲ್ಲವೆ ಅರ್ಥ? ತಪ್ಪು ಅವರದಲ್ಲ; ಲೋಕ ಕೇಳುವ ಪ್ರಶ್ನೆಗೆ ಅವರು ಉತ್ತರ ಬರೆದಿಟ್ಟಿದ್ದರು.

ಕಳೆದ ವಾರ ಕಾಲೇಜಿನಿಂದ ಬರುವಾಗ ಮರದ ಕೆಳಗೆ ಒಬ್ಬ ಬಿದ್ದಿದ್ದ. ನಿಂತೆ, ಬಗ್ಗಿದೆ, ಭುಜ ಅಲುಗಿಸಿದೆ. ಸಾರಾಯಿಯ ವಾಸನೆ ಮೂಗಿಗೆ ರಾಚಿತು. ಅವನು ಒಂದು ಕಣ್ಣು ತೆರೆದು, “ನಿದ್ದೆ ಕೆಡಿಸ್ಬೇಡಿ, ಹೋಗಿ ಸ್ವಾಮಿ” ಎಂದ.

ಉಸಿರಾಡುತ್ತಿದ್ದ. ನನಗೆ ಅಷ್ಟು ತಿಳಿಯಬೇಕಾಗಿತ್ತು. ಹೊರಟೆ.