ಮೊಣಕಾಲಿನ ರಜ್ಜು ಹರಿದಾಗ

ಮೊಣಕಾಲಿನ ಎಲುಬುಗಳನ್ನು ಬಿಗಿದಿಟ್ಟಿರುವ ಅಸ್ಥಿರಜ್ಜುಗಳೆಲ್ಲವೂ ಒಂದೇ ಬಗೆಯವಲ್ಲ. ಒಳಮಗ್ಗುಲಿನ ರಜ್ಜುವಿಗೆ ರಕ್ತದ ಪೂರೈಕೆ ಚೆನ್ನಾಗಿರುವುದರಿಂದ, ಅದು ಹರಿದರೂ ಪಟ್ಟಿ ಕಟ್ಟಿ ತಾಳ್ಮೆಯಿಂದಿದ್ದರೆ ಬಹುಮಟ್ಟಿಗೆ ತಾನೇ ಮಾಯುವುದು. ಕೀಲಿನ ನಡುವಣ ರಜ್ಜುವಾದರೋ ಕೀಲುದ್ರವದಲ್ಲಿ ನೆನೆದಿರುವುದು. ಹರಿದ ತುದಿಗಳ ನಡುವೆ ರಕ್ತವು ಹೆಪ್ಪುಗಟ್ಟಿ ನಿಲ್ಲದು.

ನನ್ನ ತಂಗಿಯ ಮಗನು ಕಳೆದ ವರ್ಷ ಕಬಡ್ಡಿಯಲ್ಲಿ ಹರಿದುಕೊಂಡುದು ಈ ಎರಡನೆಯದನ್ನು. ಒಬ್ಬ ವೈದ್ಯರು ಶಸ್ತ್ರಚಿಕಿತ್ಸೆಯನ್ನು ಸೂಚಿಸಿದರು. ಮತ್ತೊಂದು ಚಿಕಿತ್ಸಾಲಯದವರು, ಮೂರೇ ಸೂಜಿಮದ್ದಿನಿಂದ ರಜ್ಜು ಮೊದಲಿನಂತೆ ಬೆಳೆಯುವುದೆಂದು ಭರವಸೆಯಿತ್ತು ಮುಂಗಡ ಹಣ ಕೇಳಿದರು. “ಸೂಜಿಯಿಂದಾಗುವ ಕೆಲಸಕ್ಕೆ ಕತ್ತಿಯೇಕಪ್ಪಾ?” ಎಂದು ನಮ್ಮ ತಾಯಿಯವರು ಕೇಳಿದುದು ನ್ಯಾಯವಾಗಿಯೇ ಇದ್ದಿತು. ಹುಡುಗನ ತಂದೆಗೆ ಎರಡಕ್ಕೂ ಸಾಲವೇ ಗತಿ.

ಆ ಸೂಜಿಮದ್ದಿನ ಮರ್ಮವಿಷ್ಟೆ: ರೋಗಿಯ ರಕ್ತವನ್ನೇ ತೆಗೆದು, ಯಂತ್ರದಲ್ಲಿ ವೇಗವಾಗಿ ತಿರುಗಿಸಿ, ಪ್ಲೇಟ್‌ಲೆಟ್ ಕಣಗಳು ದಟ್ಟವಾಗಿರುವ ಭಾಗವನ್ನು ಬೇರ್ಪಡಿಸಿ ಕೀಲಿಗೆ ಚುಚ್ಚುವರು. ಗಾಯ ಮಾಯುವುದಕ್ಕೆ ಈ ಕಣಗಳು ನೆರವಾಗುವುದು ನಿಜವೇ. ಆದರೆ ಪೂರ್ತಿ ಹರಿದ ನಡುರಜ್ಜು ಇದರಿಂದಲೇ ಕೂಡಿಕೊಳ್ಳುವುದೆಂಬುದಕ್ಕೆ ತಕ್ಕ ಪ್ರಮಾಣವಿಲ್ಲ. ಪ್ರಮಾಣವಿಲ್ಲದುದಕ್ಕೆ ಮುಂಗಡವೇಕೆಂದು ನಾನು ಬೇಡವೆಂದೆನು.

ಹಾಗೆಂದು ಕತ್ತಿಯೊಂದೇ ದಾರಿಯಲ್ಲ. ಸ್ವೀಡನ್ ದೇಶದಲ್ಲಿ ಇದೇ ಪೆಟ್ಟಾದ 121 ಮಂದಿ ತರುಣ ತರುಣಿಯರನ್ನು ಎರಡು ಗುಂಪುಮಾಡಿ ನಡೆಸಿದ ಪರೀಕ್ಷೆಯ ಫಲವು 2010ರಲ್ಲಿ ಪ್ರಕಟವಾಯಿತು. ಮೊದಲು ವ್ಯಾಯಾಮ, ಬೇಕಾದರೆ ಮಾತ್ರ ಶಸ್ತ್ರಚಿಕಿತ್ಸೆ ಎಂದಿದ್ದ 59 ಮಂದಿಯಲ್ಲಿ ಎರಡು ವರ್ಷಗಳೊಳಗೆ ಅದನ್ನು ಮಾಡಿಸಿಕೊಂಡವರು 23. ಐದು ವರ್ಷಗಳ ಹೊತ್ತಿಗೆ 30. ಉಳಿದವರಿಗೆ ಅದರ ಅಗತ್ಯ ಬೀಳಲಿಲ್ಲ. ನೋವು, ಓಡಾಟಗಳಲ್ಲಿ ಎರಡು ಗುಂಪುಗಳಿಗೂ ಹೇಳಿಕೊಳ್ಳುವಂಥ ಅಂತರವು ಕಾಣಲಿಲ್ಲ. ಆಸ್ಟ್ರೇಲಿಯಾದಲ್ಲಿ ಮೊಣಕಾಲನ್ನು ನಾಲ್ಕು ವಾರ 90 ಡಿಗ್ರಿಗೆ ಮಡಿಸಿ ಕಟ್ಟಿ, ಆಮೇಲೆ ಮೆಲ್ಲಮೆಲ್ಲನೆ ಸಡಿಲಿಸಿ, 80 ಮಂದಿಯಲ್ಲಿ 72 ಮಂದಿಗೆ ಇದೇ ರಜ್ಜು ಕೂಡಿಕೊಳ್ಳುವ ಕುರುಹನ್ನು ಕಂಡುದಾಗಿ 2023ರಲ್ಲಿ ಬರೆದರು. ಹೋಲಿಸುವುದಕ್ಕೆ ಬೇರೆ ಗುಂಪಿರಲಿಲ್ಲವಾದುದರಿಂದ ಇದನ್ನೇ ನೆಚ್ಚುವಂತಿಲ್ಲ. ಆದರೂ ಕುತೂಹಲಕರವಾದ ಸಂಗತಿ.

ನಾವು ಆ ವೈದ್ಯರನ್ನೇ ಕೇಳಿ ವ್ಯಾಯಾಮವನ್ನು ಹಿಡಿದೆವು. ಗೋಡೆಗೊರಗಿ ಅರ್ಧ ಕುಳಿತೇಳುವುದು, ಒಂಟಿಕಾಲಿನಲ್ಲಿ ನಿಲ್ಲುವುದು, ಮೆಟ್ಟಿಲು ಹತ್ತಿಳಿಯುವುದು. ನೋಡುವವರಿಗೆ ಮಕ್ಕಳಾಟ, ಮಾಡುವವನಿಗೆ ಒಂಬತ್ತು ತಿಂಗಳ ವ್ರತ. ತಾಯಿಯವರೇ ಎದುರು ಕುಳಿತು ಎಣಿಸುತ್ತಿದ್ದರು. ಒಂದು ತಪ್ಪಿದರೂ ಬಿಡುತ್ತಿರಲಿಲ್ಲ. ಈಗ ಅವನು ಸೈಕಲ್ ತುಳಿಯುವನು, ಅಂಗಡಿಯಲ್ಲಿ ಮೂಟೆಯನ್ನೂ ಎತ್ತುವನು. ಥಟ್ಟನೆ ತಿರುಗುವಾಗ ಮೊಣಕಾಲು ಜಾರತೊಡಗಿದರೆ ಕೀಲಿನ ಮೆತ್ತೆಯೂ ಹರಿಯಬಹುದೆಂದೂ, ಆಗ ಶಸ್ತ್ರಚಿಕಿತ್ಸೆಗೆ ತಡಮಾಡಬಾರದೆಂದೂ ವೈದ್ಯರು ಹೇಳಿದ್ದಾರೆ. ಅದಕ್ಕೆಂದು ಸ್ವಲ್ಪ ಹಣವನ್ನು ತಂಗಿ ಬೇರೆ ತೆಗೆದಿಟ್ಟಿದ್ದಾಳೆ.