ಆನೆ ದುಡ್ಡಿನ ಫೋಟೋ

ನಮ್ಮ ರೂಮಿನಲ್ಲಿ ಯಾರಿಗೂ ಅಪ್ಪ ಅಮ್ಮ ಇಟ್ಟ ಹೆಸರಿಲ್ಲ. ಹೊಳೆನರಸೀಪುರದವನು ‘ಹೊಳೆ’, ಅರಕಲಗೂಡಿನವನು ‘ಗೂಡು’, ಚನ್ನರಾಯಪಟ್ಟಣದವನು ‘ಪಟ್ಣ’. ಹಾಸನದವನಿಗೆ ಮಾತ್ರ ಪೂರ್ತಿ ಊರು ಸಿಕ್ಕಿದೆ. ನಾಲ್ವರಿಗೂ ಇರುವ ಒಂದೇ ಸಮಾನ ಚಟ ಹಳೇ ನಾಣ್ಯ. ಕೊಳ್ಳುವಷ್ಟು ದುಡ್ಡು ನಮ್ಮ ಹತ್ತಿರ ಇಲ್ಲ, ಹಾಗಾಗಿ ಮನೆಮನೆಯ ಡಬ್ಬಿ ತೆಗೆಸಿ ನೋಡ್ತೀವಿ, ಫೋಟೋ ತೆಗೀತೀವಿ, ವಾಪಸ್ ಇಡ್ತೀವಿ.

ಕಳೆದ ರಜೆಯಲ್ಲಿ ಈ ಚಟಕ್ಕೆ ನಿಜವಾದ ಕೆಲಸ ಬಂತು. ಹೊಳೆಯ ಮನೆಯಲ್ಲಿ ಪಾಲು ನಡೀತಾ ಇತ್ತು. ಅಜ್ಜಿಯ ಹಿತ್ತಾಳೆ ಡಬ್ಬಿಯಲ್ಲಿ 43 ನಾಣ್ಯ, ನಾಲ್ಕು ಜನ ಮಕ್ಕಳು. ಭಾನುವಾರ ತಕ್ಕಡಿ ತಂದು ಬೆಳ್ಳಿ ರೂಪಾಯಿಗಳನ್ನೆಲ್ಲ ಒಟ್ಟಿಗೆ ತೂಗಿ ನಾಲ್ಕು ಭಾಗ ಮಾಡೋಣ ಅಂತ ಅವನ ದೊಡ್ಡಪ್ಪ ಹೇಳಿದ್ದರು. ಆಮೇಲೆ ಆ ನಾಣ್ಯಗಳು ಒಂದೇ ಕಡೆ ಸೇರುವ ಮಾತೇ ಇಲ್ಲ. ಒಬ್ಬರು ಮಂಗಳೂರು, ಒಬ್ಬರು ಪುಣೆ. ಶುಕ್ರವಾರ ಸಂಜೆ ನಾವು ಬ್ಯಾಗ್ ಹಾಕಿಕೊಂಡು ಹೊರಟೆವು. ಎರಡು ರಾತ್ರಿಯಲ್ಲಿ ಒಂದೊಂದು ನಾಣ್ಯದ ಎರಡೂ ಮುಖ, ಅಕ್ಷರ ಓದುವ ಹಾಗೆ ತೆಗೆಯಬೇಕಿತ್ತು.

ಹೋಗಿ ನೋಡಿದರೆ ಅಜ್ಜಿ ಹುಣಸೆಹಣ್ಣು ನೆನೆಹಾಕಿ ಕೂತಿದ್ದರು! “ಫೋಟೋ ತೆಗೀತೀರಂತೆ, ತೊಳೆದು ಕೊಡ್ತೀನಿ ಕಣ್ರಪ್ಪ, ಹಿಂಗೆ ಕರ್ರಗಿದ್ರೆ ಏನು ಚೆನ್ನ?” ಬೇಡ ಅಜ್ಜಿ, ದಮ್ಮಯ್ಯ ಅಂದೆವು. ತಾಮ್ರದ ಮೇಲೆ ನೂರಾರು ವರ್ಷದಲ್ಲಿ ಕೂತ ಕಂದು ಪದರ ಅದರ ಚರ್ಮ ಇದ್ದ ಹಾಗೆ. ಹುಳಿ ಅದನ್ನ ಕಿತ್ತು ಹಾಕುತ್ತೆ. ಪಾತ್ರೆ ತಿಕ್ಕುವ ಪುಡಿಯಂತೂ ಗೆರೆ ಎಳೆದುಬಿಡುತ್ತೆ. ಗೆರೆ ಬಿದ್ದ ನಾಣ್ಯಕ್ಕೆ ಸಂಗ್ರಹಕಾರರು ಬೆಲೆ ಕಟ್ಟುವುದು ಕಡಿಮೆ. ನೆನೆಹಾಕಿದ ಹುಣಸೆಹಣ್ಣು ಕೊನೆಗೆ ಸಾರಿಗೆ ಹೋಯ್ತು.

ಈಗ ತೆಗೆಯುವ ವಿಚಾರ. ನಮ್ಮಲ್ಲಿದ್ದದ್ದು ಎರಡು ಮೊಬೈಲ್, ಒಂದು ಎಲ್‌ಇಡಿ ಟೇಬಲ್ ಲ್ಯಾಂಪ್, ಫಸ್ಟ್ ಇಯರ್ ಡ್ರಾಯಿಂಗ್ ಕ್ಲಾಸಿನಲ್ಲಿ ಉಳಿದ ಟ್ರೇಸಿಂಗ್ ಪೇಪರ್. ಎಲ್ಲರೂ ಮೊಬೈಲನ್ನ ನಾಣ್ಯದ ಮೂತಿಗೆ ಒಯ್ಯುತ್ತಾರೆ. ಆಗ ಫೋಕಸ್ ಸಿಗಲ್ಲ, ಜೊತೆಗೆ ಮೊಬೈಲಿನ ನೆರಳೇ ನಾಣ್ಯದ ಮೇಲೆ ಬೀಳುತ್ತೆ. ಹದಿನೈದು ಇಪ್ಪತ್ತು ಸೆಂಟಿಮೀಟರ್ ಮೇಲಿಟ್ಟು ಎರಡು ಪಟ್ಟು ಝೂಮ್ ಮಾಡುವುದು ವಾಸಿ. ಬೆಳಕು ಬರೋಕೆ ಜಾಗ ಸಿಗುತ್ತೆ. ‘ಮ್ಯಾಕ್ರೋ’ ಅಂತ ಹೆಸರಿಟ್ಟುಕೊಂಡ ಎರಡು ಮೆಗಾಪಿಕ್ಸೆಲ್ ಕಣ್ಣು ಕೆಲವು ಫೋನುಗಳಲ್ಲಿ ಇರುತ್ತಲ್ಲ, ಅದನ್ನ ನಂಬಬೇಡಿ. ಅದು ಡಬ್ಬದ ಮೇಲೆ ಬರೆಯೋಕೆ ಇರುವುದು.

ಎರಡು ಸಾಲು ಪುಸ್ತಕ ಪೇರಿಸಿ, ಮೇಲೆ ಅಡ್ಡಲಾಗಿ ಎರಡು ಸ್ಕೇಲ್, ಅದರ ಮೇಲೆ ಮೊಬೈಲ್. ಅದೇ ನಮ್ಮ ಸ್ಟ್ಯಾಂಡ್. ನಾಣ್ಯಕ್ಕೆ ಮೊಬೈಲ್ ಸರಿಯಾಗಿ ಸಮಾನಾಂತರ ಇದೆಯಾ ಅಂತ ತಿಳಿಯೋಕೆ ಸುಲಭದ ಉಪಾಯವಿದೆ: ನಾಣ್ಯ ಇಡುವ ಜಾಗದಲ್ಲಿ ಚಿಕ್ಕ ಕನ್ನಡಿ ಇಡಿ. ಪರದೆಯ ನಟ್ಟನಡುವೆ ಲೆನ್ಸಿನ ಪ್ರತಿಬಿಂಬ ಕಂಡರೆ ಸರಿ, ಪಕ್ಕಕ್ಕೆ ಸರಿದಿದ್ದರೆ ಸ್ಕೇಲಿನ ಕೆಳಗೆ ಕಾಗದ ಮಡಚಿಡಿ. ಇದೊಂದು ಮಾಡದಿದ್ದರೆ ರಾಜನ ಮುಖ ಸ್ಪಷ್ಟ, ಅಂಚಿನ ಅಕ್ಷರ ಮಸುಕು. ಬಟನ್ ಒತ್ತಿದಾಗ ಅಲುಗಾಡದಂತೆ ಎರಡು ಸೆಕೆಂಡ್ ಟೈಮರ್ ಹಾಕಿ. ಕಪ್ಪು ಬಟ್ಟೆ ಹಾಸಿದ್ದರೆ ಕ್ಯಾಮೆರಾ ಕತ್ತಲು ಅಂದುಕೊಂಡು ಬೆಳ್ಳಿಯನ್ನ ಬಿಳಿ ಬೊಟ್ಟು ಮಾಡಿಬಿಡುತ್ತೆ. ನಾಣ್ಯದ ಮೇಲೇ ಒತ್ತಿ ಹಿಡಿದು ಲಾಕ್ ಮಾಡಿ, ಬೆಳಕು ಸ್ವಲ್ಪ ಇಳಿಸಿ. ಅಗ್ಗದ ಎಲ್‌ಇಡಿ ಕೆಳಗೆ ಫೋಟೋದಲ್ಲಿ ಪಟ್ಟೆ ಬಂದರೆ ದೆವ್ವ ಅಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಬೆಳಕು ಸೆಕೆಂಡಿಗೆ 100 ಸಲ ಮಿಣುಕುತ್ತೆ. ಶಟರ್ 1/50 ಅಥವಾ 1/100ಕ್ಕೆ ಇಟ್ಟರೆ ಪಟ್ಟೆ ಹೋಗುತ್ತೆ.

ಆದರೆ ನಾಣ್ಯದ ಫೋಟೋ ಅಂದರೆ ಮುಕ್ಕಾಲು ಪಾಲು ಬೆಳಕೇ. ಚಿಕ್ಕವರಿದ್ದಾಗ ನೋಟ್‌ಬುಕ್ಕಿನ ಹಾಳೆ ಕೆಳಗೆ ನಾಣ್ಯ ಇಟ್ಟು ಪೆನ್ಸಿಲ್ ಉಜ್ಜಿದ್ದು ನೆನಪಿದೆಯಾ? ಉಬ್ಬಿದ್ದಷ್ಟೇ ಮೂಡುತ್ತಿತ್ತು. ಸವೆದ ನಾಣ್ಯಕ್ಕೆ ಓರೆ ಬೆಳಕು ಮಾಡುವುದೂ ಅದನ್ನೇ. ಲ್ಯಾಂಪನ್ನ ಮೇಜಿನ ಮಟ್ಟಕ್ಕೆ ಇಳಿಸಿದರೆ ಕೂದಲೆಳೆ ಎತ್ತರದ ಅಕ್ಷರಕ್ಕೂ ನೆರಳು ಹುಟ್ಟುತ್ತೆ. ದೀಪ ಮಾತ್ರ ಚಿತ್ರದ ಮೇಲ್ಭಾಗದಿಂದ ಬರಬೇಕು, ಗಡಿಯಾರದ ಹತ್ತು ಹನ್ನೊಂದು ಗಂಟೆಯ ಕಡೆಯಿಂದ. ಕೆಳಗಿನಿಂದ ಬಂದರೆ ಉಬ್ಬು ತಗ್ಗಾಗಿ ಕಾಣುತ್ತೆ, ನಮ್ಮ ಮೆದುಳು ಸೂರ್ಯ ಮೇಲಿದ್ದಾನೆ ಅಂತಲೇ ಲೆಕ್ಕ ಹಾಕುವುದು. ಹೊಳೆಯುವ ಬೆಳ್ಳಿಗೆ ಇದೇ ಬೆಳಕು ಬರಿದಾಗಿ ಬಿದ್ದರೆ ಕಣ್ಣು ಕುಕ್ಕುತ್ತೆ, ನಡುವೆ ಟ್ರೇಸಿಂಗ್ ಪೇಪರ್ ಅಡ್ಡ ಇಡಬೇಕು.

ಶುಕ್ರವಾರ ರಾತ್ರಿಯೇ ‘ಆನೆ ದುಡ್ಡು’ ಎದುರಿಗೆ ಬಂತು. ದಪ್ಪ ತಾಮ್ರ, ಒಂದು ಕಡೆ ಆನೆ, ಇನ್ನೊಂದು ಕಡೆ ಬೋಳು ಅನ್ನಿಸುವಷ್ಟು ಸವೆತ. ಅದು ಟಿಪ್ಪುವಿನದು ಅನ್ನುವುದು ಮನೆಯಲ್ಲಿ ತಲೆಮಾರಿನಿಂದ ಬಂದ ಮಾತು. ಟಿಪ್ಪುವಿನ ತಾಮ್ರದ ನಾಣ್ಯದಲ್ಲಿ ಆನೆ ಇರುವುದು ನಿಜ. ಆದರೆ ಬರಹ ಪರ್ಷಿಯನ್ ಲಿಪಿಯಲ್ಲಿ, ಮೌಲೂದಿ ವರ್ಷದ ಅಂಕಿಗಳನ್ನ ಬಲದಿಂದ ಎಡಕ್ಕೆ ಓದಬೇಕು. ನಾವು ದೀಪವನ್ನ ಒಂದೇ ಕಡೆ ಇಟ್ಟು ನಾಣ್ಯವನ್ನ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹನ್ನೆರಡು ಫೋಟೋ ತೆಗೆದೆವು. ಏಳನೆಯದರಲ್ಲಿ ಆನೆಯ ಮೇಲೆ ಚಂದ್ರ ಕಂಡಿತು, ಆಮೇಲೆ ಸೂರ್ಯ. ಬೋಳು ಮುಖದಲ್ಲಿ ‘ಮಯಿಲಿ’ ಅನ್ನುವ ಕನ್ನಡದ ಮೂರು ಅಕ್ಷರ! ಅಂದರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮಯಿಲಿ ಕಾಸು, 1799ರ ನಂತರದ್ದು. “ಲೋ, ಕನ್ನಡ ಕಣೋ!” ಅಂತ ಗೂಡು ಕೂಗಿದ್ದಕ್ಕೆ ಅಜ್ಜಿ ಎದ್ದು ಬಂದರು. ಅವರಿಗೆ ಆನೆ ಕಂಡರೆ ಸಾಕಿತ್ತು.

ಶನಿವಾರದ ಕೆಲಸ ಬೆಳ್ಳಿ ರೂಪಾಯಿಗಳದು, ಒಟ್ಟು 14. ಐದನೇ ಜಾರ್ಜ್ ರಾಜನ ನಿಲುವಂಗಿಯ ಮೇಲಿನ ಪುಟ್ಟ ಆನೆಯನ್ನ ಹಿಗ್ಗಿಸಿ ನೋಡುವುದೇ ಒಂದು ಮೋಜು. 1911ರ ರೂಪಾಯಿಯಲ್ಲಿ ಅದರ ಸೊಂಡಿಲು ಮೊಟಕಾಗಿ ಹಂದಿಯಂತೆ ಕಂಡು ಜನ ಗಲಾಟೆ ಎಬ್ಬಿಸಿದರು. 1912ರಿಂದ ಸೊಂಡಿಲು ತಿದ್ದಿದರು. ಸಂಗ್ರಹಕಾರರಲ್ಲಿ ಅದಕ್ಕೆ ‘ಹಂದಿ ರೂಪಾಯಿ’ ಅಂತಲೇ ಹೆಸರು. ಡಬ್ಬಿಯಲ್ಲಿದ್ದವೆಲ್ಲ ಆನೆಗಳೇ, ಪಟ್ಣನಿಗೆ ಬೇಜಾರಾಯ್ತು.

ಮುಖ್ಯವಾದದ್ದು ಇಸವಿ. ಹಳೇ ಬೆಳ್ಳಿ ರೂಪಾಯಿ 11.66 ಗ್ರಾಂ, ಸಾವಿರಕ್ಕೆ 917 ಪಾಲು ಬೆಳ್ಳಿ. ಯುದ್ಧದ ಕಾಲದಲ್ಲಿ, 1940ರಿಂದ, ತೂಕ ಅಷ್ಟೇ ಇಟ್ಟು ಬೆಳ್ಳಿಯನ್ನ ಅರ್ಧಕ್ಕೆ ಇಳಿಸಿದರು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಬರೀ ನಿಕ್ಕಲ್. ಕಪ್ಪಾದ ಮೇಲೆ ಎಲ್ಲವೂ ಒಂದೇ ಥರ ಕಾಣುತ್ತವೆ, ತಕ್ಕಡಿಗೂ ಭೇದ ಗೊತ್ತಾಗಲ್ಲ. ಇಸವಿ ಓದಿದಾಗ ಒಂಬತ್ತು ಹಳೇ ಬೆಳ್ಳಿ, ನಾಲ್ಕು ಅರ್ಧ ಬೆಳ್ಳಿ, ಒಂದು ನಿಕ್ಕಲ್. ತೂಕದ ಮೇಲೆ ಹಂಚಿದ್ದರೆ ಯಾರೋ ಒಬ್ಬರ ಪಾಲಿಗೆ ಬೆಳ್ಳಿ ಗಣನೀಯವಾಗಿ ಕಡಿಮೆ ಬೀಳುತ್ತಿತ್ತು. ಯಾರಿಗೆ ಅನ್ನುವುದು ಆ ಮನೆಯ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಾಗಿರಲಿಲ್ಲ.

ಭಾನುವಾರ ಹೊಳೆ ಲ್ಯಾಪ್‌ಟಾಪ್ ಬಿಚ್ಚಿ ಒಂದೊಂದೇ ತೋರಿಸಿದ. ದೊಡ್ಡಪ್ಪ ಕನ್ನಡಕ ಹಾಕಿ 1944ರ ಅಂಕಿಯನ್ನ ಎರಡು ಸಲ ನೋಡಿದರು. “ನಾನು ಎಲ್ಲಾ ಒಂದೇ ಅಂದ್ಕೊಂಡಿದ್ದೆ” ಅಂದರು. ಇರಬಹುದು. ಮೂರು ಗುಂಪು ಮಾಡಿ ಒಂದೊಂದು ಗುಂಪನ್ನೂ ಬೇರೆ ಹಂಚಿದರು. ಆನೆ ದುಡ್ಡಿನ ಮಾತು ಬಂದಾಗ, ಟಿಪ್ಪುವಿನದಲ್ಲವಂತೆ ಅಂತ ಗಂಡುಮಕ್ಕಳಿಗೆ ಉತ್ಸಾಹ ಇಳಿದಿತ್ತು. ಮಂಗಳೂರಿನ ಅತ್ತೆ ಕೇಳಿ ತೆಗೆದುಕೊಂಡರು.

ಇದನ್ನೆಲ್ಲ ಕೇಳಿ ನಮ್ಮ ಕ್ಲಾಸಿನವರು ಇಬ್ಬರು ಬಂದು, ಅಪ್ಪನ ಹತ್ತಿರ ಐದು ರೂಪಾಯಿ ಹಳೇ ನಾಣ್ಯ ಇದೆ, ಚೆಂದ ಫೋಟೋ ತೆಗೆದುಕೊಡಿ, ಲಕ್ಷಕ್ಕೆ ಮಾರ್ತೀವಿ ಅಂದರು. ಆ ಜಾಹೀರಾತುಗಳು ಮೋಸ. ರಿಸರ್ವ್ ಬ್ಯಾಂಕ್ ಕೂಡ ತನ್ನ ಹೆಸರಲ್ಲಿ ಹೀಗೆ ಶುಲ್ಕ ಕೇಳುವವರ ಬಗ್ಗೆ 2021ರ ಆಗಸ್ಟಿನಲ್ಲೇ ಎಚ್ಚರಿಸಿದೆ. ಮಾರಾಟಕ್ಕೆ ‘ಚೆಂದ’ ತೆಗೆಯುವುದು ನಮಗೆ ಒಗ್ಗುವುದೂ ಇಲ್ಲ. ಟ್ರೇಸಿಂಗ್ ಪೇಪರ್ ಎರಡು ಪದರ ಹಾಕಿ ದೀಪ ಮೇಲೆತ್ತಿದರೆ ಎಂಥ ಗೀರೂ ಮಾಯವಾಗುತ್ತೆ. ಹಾಗಾಗಿ ನಾವು ಪ್ರತಿ ನಾಣ್ಯಕ್ಕೂ ಎರಡು ಫೋಟೋ ಇಡ್ತೀವಿ, ಒಂದು ಮೆದು ಬೆಳಕಿನದು, ಒಂದು ಓರೆ ಬೆಳಕಿನದು.

ಮುಂದಿನ ಸರದಿ ಅರಕಲಗೂಡಿನದು. ಗೂಡಿನ ಅಕ್ಕನ ಮಗುವಿನ ಉಡಿದಾರದಲ್ಲಿ ಒಂದು ತೂತಿನ ಕಾಸಿದೆ, 1943ರಿಂದ 1947ರ ನಡುವಿನದು. ದಾರ ಬಿಚ್ಚಬಾರದು ಅಂತ ಅವರಮ್ಮನ ಆಜ್ಞೆ. ಮಗುವಿಗೆ ಹತ್ತು ತಿಂಗಳು, ಒಂದು ಕ್ಷಣ ಸುಮ್ಮನಿರಲ್ಲ. ಟೈಮರ್, ಪುಸ್ತಕದ ಸ್ಟ್ಯಾಂಡ್ ಯಾವುದೂ ನಡೆಯಲ್ಲ. ನಿದ್ದೆ ಮಾಡೋ ಹೊತ್ತು ನೋಡಿಕೊಂಡು ಬನ್ರೋ ಅಂದಿದ್ದಾಳೆ ಅಕ್ಕ.